ಸದ್ದಿಲ್ಲದೆ ಎದ್ದ ಬೆರಳು

ಗಾಜಿನ ಆಚೆ ಕೂತವನು ಅವಳ ಕಣ್ಣನ್ನೇ ನೋಡುತ್ತಿದ್ದ.

ಸುರೇಬಾನದ ಹೈಸ್ಕೂಲ್ ಅಂಗಳದಲ್ಲಿ ಕಿವಿ ತಪಾಸಣೆಯ ಗಾಡಿ ನಿಂತಿತ್ತು. ಅದರೊಳಗೆ ಹೊರಗಿನ ಸದ್ದು ನುಗ್ಗದ ಪುಟ್ಟ ಕೋಣೆ. ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಗಣಿತದ ಮಾಸ್ತರ ಬಾಳು, ಗಾಜಿನ ಈಚೆ ಯಂತ್ರದ ಮುಂದೆ ಪ್ರಜ್ಞಾ. ಅವಳು ಗುಂಡಿ ಒತ್ತಿದಾಗ ಸಣ್ಣ ನಾದ ಹೋಗುತ್ತದೆ. ಕೇಳಿಸಿದರೆ ಅವನು ಬೆರಳೆತ್ತಬೇಕು.

ಒಂದೂ ತಪ್ಪಲಿಲ್ಲ.

ಗಂಡ ತೀರಿಕೊಂಡ ಮೇಲೆ ಎಲ್ಲರೂ ಪ್ರಜ್ಞಾಳ ಹಣೆ ನೋಡುತ್ತಿದ್ದರು, ಕೊರಳು ನೋಡುತ್ತಿದ್ದರು. ಕಣ್ಣನ್ನು ಯಾರೂ ನೋಡಿರಲಿಲ್ಲ. ಎದೆಯಲ್ಲಿ ಏನೋ ಅಲುಗಿತು... ಅವಳು ಅದನ್ನು ಅಲ್ಲೇ ಅದುಮಿದಳು.

ಅವಳು ಯರಗಟ್ಟಿಯ ಮಗಳು, ಧಾರವಾಡದಲ್ಲಿ ನರವಿಜ್ಞಾನಿ. ಮನೆತನಗಳಲ್ಲಿ ಇಳಿದುಬರುವ ಕಿವುಡು ಅವಳ ಸಂಶೋಧನೆ. ಬಾಳುವಿನ ತಾಯಿ ಕೃಷ್ಣವ್ವನಿಗೆ ಏನೂ ಕೇಳಿಸುತ್ತಿರಲಿಲ್ಲ. ಮಗನ ಕಿವಿ ಹೇಗೆ ಉಳಿಯಿತು? ಅದನ್ನು ತಿಳಿಯಲೆಂದೇ ತಿಂಗಳಿಗೊಮ್ಮೆ ಗಾಡಿ ಬರತೊಡಗಿತು.

ತಪಾಸಣೆ ಮುಗಿದರೆ ಬಾಳುವಿನ ಮನೆಯಲ್ಲಿ ಚಹಾ. ಅವನು ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು: ಕಿವಿಯೊಳಗಿನ ಜೀವಕೋಶಗಳಿಗೆ ಕಣ್ಣಿಗೆ ಕಾಣದ ಬಾಗಿಲುಗಳಿವೆ, ಅಯಾನ್ ಚಾನೆಲ್ ಅನ್ನುತ್ತಾರೆ, ಉಪ್ಪಿನ ಕಣಗಳು ಅವುಗಳಲ್ಲಿ ನುಗ್ಗಿದಾಗ ಸದ್ದು ಮಿಂಚಾಗಿ ಮಿದುಳಿಗೆ ಹರಿಯುತ್ತದೆ. ಅವನು ಅವಳ ಮುಖದಿಂದ ನೋಟ ಕೀಳುತ್ತಿರಲಿಲ್ಲ.

“ಅಣ್ಣಾ, ಚಹಾನೂ ಒಂಚೂರು ನೋಡು. ಆರಿ ನೀರಾತು,” ಎಂದು ತಂಗಿ ರೇಣು ನಗುತ್ತಿದ್ದಳು.

ಶ್ರಾವಣದ ಒಂದು ಮಧ್ಯಾಹ್ನ ತಪಾಸಣೆಯ ನಡುವೆ ಪ್ರಜ್ಞಾಳ ಮೊಬೈಲ್ ಅಲುಗಿತು. ಕಣ್ಣು ತಗ್ಗಿಸಿ ನೋಡಿದಳು. ಗುಂಡಿ ಒತ್ತಿರಲಿಲ್ಲ.

ಅವನ ಬೆರಳು ಮೇಲೆದ್ದಿತು.

ಬೇಕೆಂದೇ ಮತ್ತೊಮ್ಮೆ ಕಣ್ಣು ತಗ್ಗಿಸಿದಳು. ಮತ್ತೆ ಬೆರಳು.

ಗುಂಡಿ ಒತ್ತುವಾಗ ತನ್ನ ರೆಪ್ಪೆ ಇಳಿಯುತ್ತದೆ... ಅವನು ಕಾಯುತ್ತಿದ್ದದ್ದು ಅದನ್ನು. ಚಹಾದ ಹೊತ್ತಿನಲ್ಲಿ ಓದುತ್ತಿದ್ದದ್ದು ತುಟಿ. ‘ನನ್ನನ್ನಲ್ಲ...’

ಅವಳು ಕೋಣೆಯ ಬಾಗಿಲು ತೆರೆದಳು.

“ಇಷ್ಟು ದಿನ ನನ್ನ ನೋಡಾಕ ಹತ್ತಿದ್ದು ಇದಕ್ಕೇನ್ರಿ?”

ಬಾಳು ತಲೆ ತಗ್ಗಿಸಿಯೇ ಹೇಳಿದ. ತೊರಗಲ್ಲಿನಲ್ಲಿ ರೇಣುವಿಗೆ ಮದುವೆ ಸಂಬಂಧ ನಿಶ್ಚಯವಾಗಿತ್ತು. ಅವ್ವನದು ಮುಪ್ಪಿನ ಕಿವುಡು ಎಂದು ಗಂಡಿನ ಕಡೆಯವರಿಗೆ ಹೇಳಿದ್ದರು. ಮಗನಿಗೂ ಕೇಳಿಸದು, ಅದು ರಕ್ತದಲ್ಲೇ ಇದೆ ಎಂದು ತಿಳಿದರೆ ಹೆಣ್ಣು ಬೇಡ ಅಂದಾರು...

ಅವಳ ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ. ಅವಳು ಕಾದದ್ದು ಅದೊಂದಕ್ಕೇ. ವಯರುಗಳನ್ನು ಸುತ್ತಿಟ್ಟು ಹೊರಟುಬಿಟ್ಟಳು.

ಧಾರವಾಡದ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಆಗಷ್ಟೇ ಹುಟ್ಟಿದ ಇಲಿಮರಿಯ ಒಳಗಿವಿ. ಮರಿಗೆ ಇನ್ನೂ ಏನೂ ಕೇಳಿಸದು. ಆದರೂ ಆ ಬಾಗಿಲುಗಳು ತಾವಾಗಿ ತೆರೆಯುತ್ತವೆ, ಸದ್ದೇ ಇಲ್ಲದೆ ಮಿಂಚು ಹೊರಡುತ್ತದೆ. ಮಿದುಳು ಕೇಳಲು ಸಿದ್ಧವಾಗುವುದೇ ಹಾಗೆ. ಅದನ್ನು ಅವಳು ಎಂದೂ ಸುಳ್ಳು ಎಂದು ಕರೆದಿರಲಿಲ್ಲ. ಸದ್ದಿಲ್ಲದೆ ಎದ್ದ ಬಾಳುವಿನ ಬೆರಳನ್ನು ಕ್ಷಮಿಸಲು ಮಾತ್ರ ಮನಸ್ಸು ಬರಲಿಲ್ಲ.

ಮುಂದಿನ ತಿಂಗಳು ಗಾಡಿ ಬರುವ ಮೊದಲೇ ಬಾಳು ಅಂಗಳದಲ್ಲಿದ್ದ. ಒಳಗೆ ಹೋಗಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಅವಳಿಗೆ ಬೆನ್ನು ಮಾಡಿ ಕೂತ.

ಅವಳು ಗುಂಡಿ ಒತ್ತಿದಳು. ಬೆರಳು ಏಳಲಿಲ್ಲ. ನಾದ ಹೆಚ್ಚಿಸಿದಳು. ಇಲ್ಲ... ಪರದೆಯ ಮೇಲಿನ ಗೆರೆ ಜಾರುತ್ತಾ ಹೋಯಿತು. ಅವ್ವನ ದಾರಿಯಲ್ಲೇ ಮಗನ ಕಿವಿಯೂ ಹೊರಟಿತ್ತು.

ಬಾಗಿಲು ತೆರೆದು ಆ ಬೆನ್ನಿಗೆ ಮೆಲ್ಲಗೆ ಹೇಳಿದಳು, “ಆ ನೋಟ ನನಗ ಬೇಕಾಗಿತ್ತು.”

ಅವನು ಅಲುಗಲಿಲ್ಲ. ಕೇಳಿಸಿರಲಿಲ್ಲ. ಹೆಗಲು ಮುಟ್ಟಿದಾಗ ತಿರುಗಿದ.

“ತೊರಗಲ್ಲಿಗೆ ನಾನ ಹೋಗಿ ಖರೆ ಹೇಳಿ ಬಂದೇನ್ರಿ. ಹೇಳು ಅಂದಾಕಿ ರೇಣೂನ. ವಿಚಾರ ಮಾಡತೇವಿ ಅಂದಾರ.” ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡ. “ಅವತ್ತ ನೀವು ಕೇಳಿದ್ದಕ್ಕ ಉತ್ತರ ಕೊಡಲಿಲ್ಲ. ಮೊದಲನೇ ಸಲ ರೇಣು ಸಲುವಾಗಿ ನೋಡಿದ್ದು ಖರೆ. ಆಮ್ಯಾಲ... ಗುಂಡಿ ಒತ್ತೂದು ಮುಗದ ಮ್ಯಾಲೂ ನೋಡಕೋತ ಕುಂದರತಿದ್ದೆ. ಅದು ಯಾರ ಸಲುವಾಗಿ ಅಂತ ನೀವ ತಿಳಕೋರಿ.”

ಗಂಡನನ್ನು ಮಣ್ಣು ಮಾಡಿದ ದಿನವೂ ಬಾರದ ನೀರು ಪ್ರಜ್ಞಾಳ ಕಣ್ಣಿಗೆ ಬಂತು. ಮರೆಮಾಡಲು ರೆಪ್ಪೆ ತಗ್ಗಿಸಿದಳು.

ಬಾಳು ಮೆಲ್ಲಗೆ ಬೆರಳೆತ್ತಿದ.

ಅವಳು ಅಳುತ್ತಲೇ ನಕ್ಕಳು. “ನಾ ಗುಂಡಿ ಒತ್ತಿಲ್ರಿ.”

“ಗೊತ್ತೈತಿ. ಆದರೂ ಕೇಳಿಸ್ತು.”