ಕುಂದುರ್ಪಿಯ ಎರಡು ಬಸ್ಸುಗಳು

"ಈ ಬಂಡಲ್ ಪಾಸ್ ಆಗಲ್ಲ. ಬಿಚ್ಚಿ ಮತ್ತೆ ಹೊಲೀರಿ."

ರಾಯದುರ್ಗದ ಆ ಜೀನ್ಸ್ ಯೂನಿಟ್ಟಿನಲ್ಲಿ ಒಂದು ಕ್ಷಣ ಅಷ್ಟೂ ಮಷಿನ್ನುಗಳು ನಿಂತಂತಾಯಿತು. ಕೆಲಸಕ್ಕೆ ಸೇರಿ ಮೂರೇ ದಿನವಾಗಿದ್ದ ಚೆಕಿಂಗ್ ಹುಡುಗಿ, ಎಂಟು ವರ್ಷದಿಂದ ಹೊಲಿಯುತ್ತಿದ್ದ ಮುತ್ತುರಾಜನ ಬಂಡಲನ್ನು ವಾಪಸ್ ಕಳಿಸಿದ್ದಳು!

ಅವನು ಎದ್ದು ಬಂದ. ಕೊರಳಲ್ಲಿ ಟೇಪು, ಬಟ್ಟೆಯ ಬಣ್ಣ ಹತ್ತಿ ನೀಲಿಗಟ್ಟಿದ ಬೆರಳು.

"ಯಾವ ಊರ್ರೀ ನಿಮ್ದು?"

"ಮಡಕಶಿರಾ ಕಡೆ. ಹೇಮಾವತಿ ಹತ್ರ."

"ಅಲ್ಲೆ ಎಲ್ಲಾರೂ ಹಿಂಗ ಕಣ್ಣಾಗ ಎಣ್ಣಿ ಬಿಟ್ಕೊಂಡು ನೋಡ್ತಾರೇನ್ರಿ?"

ಸುತ್ತಲಿನವರು ನಕ್ಕರು. ರಮ್ಯಶ್ರೀ ನಗಲಿಲ್ಲ. "ತಪ್ಪಿದ್ದರೆ ನೋಡ್ತೀವಿ" ಎಂದಳು. ದನಿ ಗಟ್ಟಿಯಾಗಿತ್ತು, ಕೈಯಲ್ಲಿದ್ದ ಪುಸ್ತಕ ಮಾತ್ರ ನಡುಗುತ್ತಿತ್ತು.

ಮುತ್ತುರಾಜ ಆ ನಡುಗುವ ಪುಸ್ತಕ ನೋಡಿದ. ಸಿಟ್ಟು ಎಲ್ಲಿ ಹೋಯಿತೋ! ಬಂಡಲನ್ನು ಹೆಗಲಿಗೆ ಹಾಕಿಕೊಂಡ.

"ಆತು ಬಿಡ್ರಿ, ಮೇಡಮ್."

ಅಲ್ಲಿಂದ ಶುರುವಾದದ್ದು.

ಎರಡು ವರ್ಷದ ನಂತರ, ಕುಂದುರ್ಪಿಗೆ ಇನ್ನೇನು ಒಂದೂವರೆ ಕಿಲೋಮೀಟರ್ ಇದೆ ಎನ್ನುವಾಗ, ಅದೇ ಮುತ್ತುರಾಜ ರಸ್ತೆ ಪಕ್ಕದ ಮೈಲಿಗಲ್ಲಿನ ಮೇಲೆ ಕುಳಿತುಬಿಟ್ಟ.

"ನನ್ನ ಕೈಲೆ ಆಗಂಗಿಲ್ಲ, ರಮ್ಯಾ. ನಾ ವಾಪಸ್ ಹೊಕ್ಕೀನಿ."

ಅವರು ರಾಯದುರ್ಗ ಬಿಟ್ಟು ಅದು ಮೂರನೆಯ ದಿನ. ಯೂನಿಟ್ಟಿನಲ್ಲಿ ದಾರ ಕತ್ತರಿಸುವ ನರಸಕ್ಕನ ಓಣಿಯವರು ಪ್ರತಿ ಶಿವರಾತ್ರಿಗೆ ಹೇಮಾವತಿಯ ಸಿದ್ದೇಶ್ವರನ ಗುಡಿಗೆ ನಡೆದು ಹೋಗುತ್ತಿದ್ದರು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಈ ವರ್ಷ ಹೊರಟ ಏಳು ಜನರಲ್ಲಿ ಇವರಿಬ್ಬರೂ ಇದ್ದರು. ಹೇಮಾವತಿಯ ಗುಡಿ ಮುಂದೆ ಅವಳ ಅಪ್ಪ ಗಂಗಣ್ಣ ಕಾಯುತ್ತಿರುತ್ತಾರೆ. ಅಲ್ಲಿಯೇ ಮದುವೆಯ ಮಾತು.

ಗಂಗಣ್ಣನವರದು ಹಿಪ್ಪುನೇರಳೆ ಬೆಳೆಯುವ ಮನೆ. ಮುತ್ತುರಾಜನದು ಕಣೇಕಲ್ಲಿನ ಕಡೆಯ ಕುರಿ ಸಾಕುವ ಮನೆ. ಜಾತಿ ಬೇರೆ, ಜನ ಬೇರೆ. ಮಗಳು ಫೋನಿನಲ್ಲಿ ವಿಷಯ ಹೇಳಿದಾಗ ಅಪ್ಪ ಇಷ್ಟು ಹೇಳಿದ್ದರು:

"ಆ ಹುಡುಗನ್ನ ಶಿವರಾತ್ರಿಗೆ ಬರೇಳು. ನಮ್ಮನೆಗೆ ಹೆಣ್ ಕೇಳಾಕೆ ಬಂದೋರೆಲ್ಲ ಮೊದ್ಲು ಅಮರಾಪುರದಾಗೆ ಬಸ್ಸಿಳ್ದು ಗುಡಿ ತಂಕ ನಡ್ಕಂಡೇ ಬಂದಿರಾದು. ಅವ್ನೂ ಹಂಗೇ ಬರ್ಲಿ. ಆಮೇಲೆ ನೋಡನ."

ಅಮರಾಪುರದಿಂದ ಹೇಮಾವತಿಗೆ ಹತ್ತು ಕಿಲೋಮೀಟರ್. ಅಪ್ಪ ಕೇಳಿದ್ದು ಅಷ್ಟೇ.

ಆದರೆ ರಮ್ಯಶ್ರೀ ಮುತ್ತುರಾಜನಿಗೆ ಹೇಳಿದ್ದು ಬೇರೆ!

"ರಾಯದುರ್ಗದಿಂದ ನಡೆದು ಬರಬೇಕಂತೆ."

ಆ ಮಾತು ಅವಳ ಬಾಯಿಂದ ಹೇಗೆ ಬಂತು? ಎಣಿಸಿ ತೂಗಿ ಮಾತಾಡುವವಳು ಅವಳು. 'ಹತ್ತು ಕಿಲೋಮೀಟರ್ ಯಾರು ಬೇಕಾದರೂ ನಡೀತಾರೆ. ಅಷ್ಟಕ್ಕೆ ಅಪ್ಪ ಒಪ್ಪದಿದ್ದರೆ? ರಾಯದುರ್ಗದಿಂದ ನಡೆದು ಬಂದವನಿಗೆ ಯಾವ ಬಾಯಲ್ಲಿ ಬೇಡ ಅಂತಾರೆ?' ಎಂಬ ಲೆಕ್ಕಾಚಾರ ಒಂದು ಕಡೆ. ಅದರ ಹಿಂದೆ ಅವಳು ತನಗೆ ತಾನೇ ಒಪ್ಪಿಕೊಳ್ಳದ ಇನ್ನೊಂದು ಆಸೆ... ನನಗಾಗಿ ಇವರು ಎಷ್ಟು ದೂರ ಬರುತ್ತಾರೆ?

ಈಗ ಉತ್ತರ ಮೈಲಿಗಲ್ಲಿನ ಮೇಲೆ ಕುಳಿತಿತ್ತು.

"ಅರ್ಧಕ್ಕಿಂತ ಜಾಸ್ತಿ ಆಯ್ತಲ್ಲ!" ಅವಳು ಫೋನ್ ತೆಗೆದು ನೋಡಿದಳು. "ನಿನ್ನೆ ಗಂಟೆಗೆ ನಾಲ್ಕು ಕಿಲೋಮೀಟರ್ ನಡೆದಿದ್ರಿ. ಇವತ್ತು ಎರಡೂ ಇಲ್ಲ. ಸ್ವಲ್ಪ ಮನಸ್ಸು ಮಾಡಿದ್ರೆ..."

"ಇಲ್ಲೂ ಚೆಕಿಂಗ್ ಏನ್ರಿ?"

ತಮಾಷೆಯ ದನಿಯಲ್ಲ ಅದು. ಅವಳು ತಲೆ ಎತ್ತಿದಳು.

"ಮೂರು ದಿನದಿಂದ ನೋಡಾಕ ಹತ್ತೀನಿ. ಯಾವಾಗ ನಿಂತೆ, ಎಷ್ಟು ನೀರು ಕುಡಿದೆ, ಯಾಕ ಹಿಂದ ಬಿದ್ದೆ... ನಾ ಹತ್ತು ತಾಸು ಮಷಿನ್ ಮುಂದ ಕುಂದ್ರೋ ಮನಿಶಾ. ಈ ಕಾಲು ಪೆಡಲ್ ಒತ್ತೋದು ಬಿಟ್ಟು ಬ್ಯಾರೆ ಏನೂ ಕಲಿತಿಲ್ರಿ."

"ನಾನು ನಿಮ್ಮ ಒಳ್ಳೇದಕ್ಕೇ..."

"ಗೊತ್ತೈತಿ."

ಆ 'ಗೊತ್ತೈತಿ' ಅವಳಿಗೆ ಚುಚ್ಚಿತು. ಭಯ ಹೆಚ್ಚಾದಾಗ ಅವಳ ಮಾತು ಇನ್ನೂ ತಣ್ಣಗಾಗುತ್ತಿತ್ತು.

"ನಿಮಗೆ ನಾನು ಬೇಡವಾದರೆ ನೇರ ಹೇಳಿಬಿಡಿ. ಕಾಲಿನ ಮೇಲೆ ಯಾಕೆ ಹಾಕ್ತೀರ?"

ಅಂದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ತಡವಾಗಿತ್ತು!

ಮುತ್ತುರಾಜ ಅವಳನ್ನೇ ನೋಡಿದ. ಎದ್ದ. ಕಾಲು ಅಗಲಿಸಿಕೊಂಡು, ಹಲ್ಲು ಕಚ್ಚಿ, ಒಂದೊಂದೇ ಹೆಜ್ಜೆ ಇಡುತ್ತ ಕುಂದುರ್ಪಿಯ ಕಡೆ ನಡೆದ.

ಹಿಂದಿನಿಂದ ಬಂದ ನರಸಕ್ಕ ಅವಳ ಪಕ್ಕ ನಿಂತು ಆ ನಡಿಗೆಯನ್ನು ನೋಡಿದಳು. ಸೆರಗಿನಿಂದ ಬೆವರು ಒರೆಸಿಕೊಂಡಳು.

"ಏನವಾ, ಆ ಹುಡುಗನ್ನ ಸಾಯಿಸ್ಬೇಕಂತ ಮಾಡೀಯೇನು?"

"ನಾನೇನು ಮಾಡಿದೆ ನರಸಕ್ಕ? ಅವರಿಗೇ ಮನಸ್ಸಿಲ್ಲ..."

"ಮನಸು ಬ್ಯಾರೆ ಇಲ್ಲಂತ! ಕಣ್ಣು ಐತಿಲ್ಲ ನಿನಗ? ಮಾವನ ಮುಂದ ಚಂದ ಕಾಣ್ಬೇಕಂತ ತಾನ ಹೊಲಕೊಂಡ ಹೊಸಾ ಜೀನ್ಸ್ ಹಾಕ್ಕೊಂಡು ಹೊಂಟಾನ. ಗೋಣಿಚೀಲದಂಥ ಬಟ್ಟಿ! ಈ ಬಿಸಿಲಾಗ, ಈ ಬೆವರಾಗ. ಎರಡೂ ತೊಡಿ ಉಜ್ಜಿ ಉಜ್ಜಿ ತೊಗಲು ಕಿತ್ತು ಹೋಗ್ಯಾವ. ನಿನ್ನೆ ನೀರಿನ ಟ್ಯಾಂಕ್ ಹಿಂದ ನಿಂತು ನಮ್ಮ ಜೋಡಿ ಹೊಂಟಿರೋ ಎರ್ರಪ್ಪನ ಹತ್ರ ಎಣ್ಣಿ ಕೇಳಿದ್ನಂತ."

"ನನಗೆ ಯಾಕೆ ಹೇಳಲಿಲ್ಲ?"

"ಮದುವಿ ಆಗೋ ಹುಡುಗಿ ಮುಂದ 'ನನ್ನ ತೊಡಿ ಉರಿಯಾಕ ಹತ್ಯಾವ' ಅಂತ ಹೆಂಗ ಹೇಳ್ತಾನವಾ? ಜೀನ್ಸ್ ಹೊಲಿಯೋರಿಗೆ ಹೊಸಾ ಜೀನ್ಸಿನಾಗ ಊರೂರು ತಿರುಗೋದು ಹುಚ್ಚು ಅಂತ ತಿಳೀಬ್ಯಾಡೇನು? ಎಲ್ಲಾ ತಿಳಿತೈತಿ. ಆದ್ರೂ ಡೌಲು!"

ನರಸಕ್ಕ ಮುಂದೆ ಹೋದಳು. ರಮ್ಯಶ್ರೀ ರಸ್ತೆಯಲ್ಲಿ ಒಬ್ಬಳೇ ನಿಂತಳು.

ಎಲ್ಲವನ್ನೂ ನೋಡುತ್ತೇನೆ ಎಂದುಕೊಂಡಿದ್ದವಳು! ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ನೋಡಿದ್ದಳು. ಅವನ ಮುಖ ನೋಡಿರಲಿಲ್ಲ. ಮತ್ತು ಈ ಅಷ್ಟೂ ನೋವು... ಯಾವ ಅಪ್ಪನೂ ಕೇಳದ, ಯಾವ ದೇವರೂ ಕೇಳದ ನೋವು. ತಾನು ಹುಟ್ಟಿಸಿದ್ದು.

'ಹೇಳಿಬಿಡಬೇಕು. ಹೇಳಿದರೆ ಹೋಗಿಬಿಡುತ್ತಾರೆ. ಹೇಳದಿದ್ದರೆ...?'

ಹೇಳದಿದ್ದರೆ ಅವನು ಹಲ್ಲು ಕಚ್ಚಿಕೊಂಡು ನಡೆದೇ ನಡೆಯುತ್ತಾನೆ. ಅದು ಅವಳಿಗೆ ಗೊತ್ತಿತ್ತು. ಹೋಗಿಬಿಟ್ಟಾನೆಂಬುದಕ್ಕಿಂತ ಅದೇ ಹೆಚ್ಚು ಹೆದರಿಸಿತು.

ಕುಂದುರ್ಪಿಯ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಬಟ್ಟೆ ಅಂಗಡಿ. ಅಲ್ಲಿ ಮೆತ್ತನೆಯ ಬಿಳಿ ಪಂಚೆ ಕೊಂಡಳು. ಎದುರಿನ ಅಂಗಡಿಯಲ್ಲಿ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ.

ಮುತ್ತುರಾಜ ಚಹಾದಂಗಡಿಯ ಬೆಂಚಿನಲ್ಲಿ ಕುಳಿತಿದ್ದ. ಉಳಿದವರು ದೂರದ ಬೇವಿನ ಮರದಡಿ ಮಂಡಕ್ಕಿ ತಿನ್ನುತ್ತಿದ್ದರು. ಅವಳು ಪೊಟ್ಟಣವನ್ನು ಅವನ ಪಕ್ಕದಲ್ಲಿಟ್ಟಳು.

ಅವನು ಬಿಚ್ಚಿ ನೋಡಿದ. ಕಿವಿಯ ತನಕ ಕೆಂಪಾದ.

"ಆ ನರಸಕ್ಕನ ಬಾಯಿಗಿಷ್ಟು..."

"ಬೈಬೇಡಿ. ನಾನೊಂದು ಮಾತು ಹೇಳಬೇಕು. ನಡುವೆ ಏನೂ ಅನ್ನಬೇಡಿ. ನಿಂತರೆ ನನಗೆ ಮತ್ತೆ ಧೈರ್ಯ ಬರಲ್ಲ."

ಅವನು ಲೋಟ ಕೆಳಗಿಟ್ಟ.

"ಅಪ್ಪ ಕೇಳಿದ್ದು ಅಮರಾಪುರದಿಂದ. ಹತ್ತು ಕಿಲೋಮೀಟರ್. ರಾಯದುರ್ಗದಿಂದ ಅಂತ ಸೇರಿಸಿದ್ದು ನಾನು. ಅಪ್ಪನ ಬಾಯಿ ಕಟ್ಟಿಹಾಕಬೇಕು ಅಂತ. ಇನ್ನೊಂದು... ನೀವು ನನಗಾಗಿ ಎಷ್ಟು ದೂರ ಬರ್ತೀರ ಅಂತ ನೋಡಬೇಕು ಅನ್ನಿಸ್ತು. ನನಗೆ ಭಯ ಇತ್ತು. ಅದನ್ನ ನಿಮ್ಮ ಕಾಲ ಮೇಲೆ ಹೊರಿಸಿದೆ."

ಮುತ್ತುರಾಜ ನೆಲ ನೋಡುತ್ತಿದ್ದ.

"ಮೂರು ದಿನ" ಎಂದ. "ಮೂರು ದಿನ ನಾ ಹೊಂಟಿದ್ದು ನಿಮ್ಮಪ್ಪನ ಮಾತಿಗೆ ಅಂತ ತಿಳ್ಕೊಂಡಿದ್ದೆ."

"ನಡೆಯೋದು ಬೇಡ. ಬಸ್ ಹತ್ತಿ. ಎಲ್ಲಿಗೆ ಬೇಕಾದ್ರೂ. ನಾನು ಹಿಡಿಯಲ್ಲ. ಫೋನ್ ಮಾಡಲ್ಲ. ನೀವು ಬರದಿದ್ರೂ ಅಪ್ಪನಿಗೆ ನಿಮ್ಮ ತಪ್ಪು ಅಂತ ಹೇಳಲ್ಲ."

"ನೀವು?"

"ಸುಳ್ಳು ಹೇಳಿದ್ದು ನಾನು. ಉಳಿದ ದಾರಿ ನಡೆದೇ ಹೋಗ್ತೀನಿ."

ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಎರಡು ಬಸ್ಸುಗಳು ಒಂದರ ಹಿಂದೆ ಒಂದು ಬಂದು ನಿಂತವು. ಒಂದು ಅಮರಾಪುರಕ್ಕೆ. ಇನ್ನೊಂದು ಕಲ್ಯಾಣದುರ್ಗದ ಮೇಲೆ ರಾಯದುರ್ಗಕ್ಕೆ.

"ಬಸ್ಸುಲು ವಚ್ಚಿನಾಯಿ, ಎಕ್ಕಂಡಿ ಎಕ್ಕಂಡಿ!" ಚಹಾದಂಗಡಿಯವನು ಎಲ್ಲರನ್ನೂ ಹತ್ತಿಸುವ ಅವಸರದಲ್ಲಿ ತೆಲುಗಿನಲ್ಲಿ ಕೂಗಿದ.

ಮುತ್ತುರಾಜ ಎದ್ದ. ಪೊಟ್ಟಣ ಕಂಕುಳಲ್ಲಿಟ್ಟುಕೊಂಡ.

"ನೋಡಬ್ಯಾಡ್ರಿ."

"ಏನು?"

"ನಾ ಯಾವುದು ಹತ್ತುತೀನಿ ಅಂತ ನೋಡಬ್ಯಾಡ್ರಿ. ಒಂದ್ಸಲರೆ ನನ್ನ ನೋಡದಂಗ ಇರ್ರಿ. ಆ ಕಡಿ ಹೊಳ್ಳಿ ನಿಂದ್ರಿ."

ಅವಳು ತಿರುಗಿ ನಿಂತಳು.

ಎದುರಿಗೆ ಅಂಗಡಿಯ ಹಳದಿ ಗೋಡೆ. ಅದರ ಮೇಲೆ ಸಿಮೆಂಟಿನ ಜಾಹೀರಾತು. ಆ ತೆಲುಗು ಅಕ್ಷರಗಳನ್ನು ಅವಳು ಒಂದೊಂದಾಗಿ ಓದಿದಳು, ಏನೂ ತಲೆಗೆ ಹೋಗಲಿಲ್ಲ. ಬೆನ್ನ ಹಿಂದೆ ಕಂಡಕ್ಟರನ ಸೀಟಿ. ಒಂದು ಬಸ್ಸು ಹೊರಟಿತು. ಮತ್ತೊಂದು ಸೀಟಿ. ಇನ್ನೊಂದೂ ಹೊರಟಿತು.

ಅವಳು ತಿರುಗಿದಾಗ ಬೆಂಚಿನ ಮೇಲೆ ಅರ್ಧ ಕುಡಿದ ಚಹಾ ಮಾತ್ರ ಇತ್ತು.

ಬೇವಿನ ಮರದಡಿಗೆ ಹೋಗಿ "ನರಸಕ್ಕ..." ಎಂದಳು. ಕೇಳಬೇಕೆಂದುಕೊಂಡದ್ದನ್ನು ನುಂಗಿಕೊಂಡಳು. "ಹೊರಡೋಣ?"

ನರಸಕ್ಕ ಅವಳ ಮುಖವನ್ನೊಮ್ಮೆ ನೋಡಿದಳು. ಅವಳ ಬ್ಯಾಗನ್ನು ತನ್ನ ಹೆಗಲಿಗೇರಿಸಿಕೊಂಡಳು.

ಆ ಒಂದು ದಿನ ಎಷ್ಟು ಉದ್ದವಿತ್ತು!

ಹತ್ತು ಸಲ ಫೋನ್ ಕೈಗೆ ಬಂತು. ಹತ್ತು ಸಲವೂ ಅವನ ಹೆಸರಿನ ತನಕ ಹೋಗಿ ಬೆರಳು ನಿಂತಿತು. 'ಊಟ ಮಾಡಿದ್ರಾ ಅಂತ ಮಾತ್ರ ಕೇಳಲಾ? ಎಣ್ಣೆ ಹಚ್ಚಿದ್ರಾ ಅಂತ?' ಇಲ್ಲ. ಅದೂ ಚೆಕಿಂಗೇ. ಕೊನೆಗೆ ಫೋನನ್ನು ನರಸಕ್ಕನ ಕೈಗೆ ಕೊಟ್ಟುಬಿಟ್ಟಳು.

"ನಾನು ಅತ್ತರೂ ಕೊಡಬೇಡ."

"ಅಳು. ಅಳಕೊಂತ ನಡಿ. ಕಾಲಿಗೇನು ತ್ರಾಸಿಲ್ಲ."

ಅತ್ತುಕೊಂಡೇ ನಡೆದಳು. ಶೇಂಗಾ ಕಿತ್ತು ಬೋಳಾದ ಹೊಲಗಳ ನಡುವೆ, ಬಿಸಿಲು ನೆತ್ತಿ ಸುಡುವಾಗ, ಅವಳ ಹಿಮ್ಮಡಿಯಲ್ಲೂ ಬೊಬ್ಬೆ ಎದ್ದಿತು. ಆಗ ಗೊತ್ತಾಯಿತು, 'ಸ್ವಲ್ಪ ಮನಸ್ಸು ಮಾಡಿದ್ರೆ' ಎಂಬ ಮಾತು ಎಷ್ಟು ಹಗುರವಾದದ್ದೆಂದು.

ಹೋಗಿರುತ್ತಾರೆ. ಹೋಗಲೇಬೇಕು. ತಾನಾಗಿದ್ದರೆ ಹೋಗುತ್ತಿರಲಿಲ್ಲವೇ?

ಮರುದಿನ ಹನ್ನೊಂದು ಗಂಟೆಗೆ ಅಮರಾಪುರ ಬಂತು. ತಲೆ ಎತ್ತುವ ಧೈರ್ಯವಿಲ್ಲದೆ ಅವಳು ತನ್ನ ಚಪ್ಪಲಿಯನ್ನೇ ನೋಡುತ್ತ ಬಸ್ ಸ್ಟ್ಯಾಂಡ್ ದಾಟುತ್ತಿದ್ದಳು. ಮುಂದೆ ನಡೆಯುತ್ತಿದ್ದ ನರಸಕ್ಕ ಇದ್ದಕ್ಕಿದ್ದಂತೆ ಗಹಗಹಿಸಿ ನಕ್ಕಳು.

"ಅಯ್ಯ ನಮ್ಮಪ್ಪಾ! ಯಾರ ಮನಿ ಗೌಡ್ರೋ ಇವ್ರು?"

ಕಟ್ಟೆಯ ಮೇಲಿಂದ ಒಬ್ಬ ಎದ್ದು ನಿಂತ. ನೀಲಿ ಶರ್ಟು, ಬಿಳಿ ಪಂಚೆ. ಪಂಚೆ ಉಟ್ಟು ರೂಢಿಯಿಲ್ಲದವನು ಎಂಬುದು ಅದರ ಗಂಟಿನಲ್ಲೇ ಗೊತ್ತಾಗುತ್ತಿತ್ತು.

"ನಗಬ್ಯಾಡಕ್ಕ. ಮೊದಲ ಬಿಚ್ಚಿ ಹೊಕ್ಕೈತೇನೋ ಅಂತ ಹೆದರಿ ನಿಂತೀನಿ."

ರಮ್ಯಶ್ರೀ ಅಲ್ಲೇ ನಿಂತಳು. ಕಣ್ಣು ತುಂಬಿ ಏನೂ ಕಾಣಲಿಲ್ಲ. ನರಸಕ್ಕ ಉಳಿದವರನ್ನು ಕರೆದುಕೊಂಡು ಚಹಾಕ್ಕೆಂದು ಆಚೆ ಹೋದಳು.

"ನೀವು... ಈ ಬಸ್ಸು ಹತ್ತಿದ್ರಾ?"

"ಇಲ್ರಿ. ರಾಯದುರ್ಗದ್ದ ಹತ್ತಿದ್ದೆ." ಅವನು ಮುಚ್ಚಿಡಲಿಲ್ಲ. "ಬಾಳ ಸಿಟ್ಟು ಬಂದಿತ್ತು. ದಾರಿ ತುಂಬಾ ನಿಮ್ಮ ಫೋನ್ ಬರ್ತೈತಿ, ಎತ್ತಬಾರದು ಅಂತ ಕೈಯಾಗ ಹಿಡ್ಕೊಂಡ ಕುಂತಿದ್ದೆ. ಬರ್ಲೇ ಇಲ್ಲ."

"ಮಾಡಲ್ಲ ಅಂದಿದ್ದೆನಲ್ಲ."

"ಹೌದ್ರಿ. ಕಲ್ಯಾಣದುರ್ಗದಾಗ ಬಸ್ಸು ಅರ್ಧ ತಾಸು ನಿಂತಿತ್ತು. ಮೊದಲನೇ ಸಲ ನನ್ನ ಯಾರೂ ಎಳೀವಲ್ರು, ಯಾರೂ ದಬ್ಬವಲ್ರು. ಆಮ್ಯಾಲ ಯಾವ ಕಡಿಗೆ ಹೋಗಬೇಕಂತ ನನಗ ಗೊತ್ತಾತು. ಇಳಿದು, ಸಂಜಿಕ ಈ ಕಡಿ ಬಸ್ಸ ಹತ್ತಿದೆ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನಿಮ್ಮಪ್ಪ ಕೇಳಿದಷ್ಟು ನಡೀತೀನಿ. ಒಂದು ಹೆಜ್ಜೆ ಜಾಸ್ತಿ ನಡಿಯಂಗಿಲ್ಲ. ಎಲ್ಲಿಂದ ನಡ್ದಿ ಅಂದ್ರ ಅಮರಾಪುರದಿಂದ ಅಂತೀನಿ. ಸರೀನಾ?"

"ಸರಿ."

"ಇನ್ನೊಂದು ಮಾತು, ರಮ್ಯಾ." ಅವನ ದನಿ ಮೆತ್ತಗಾಯಿತು. "ಇನ್ನ ಮ್ಯಾಲ ನಿಮಗ ಹೆದರಿಕಿ ಆದ್ರ ಬಾಯಿ ಬಿಟ್ಟು ಹೇಳ್ರಿ. ನನ್ನ ನಡಿಸಿ ನೋಡಬ್ಯಾಡ್ರಿ."

ಅವಳು ತಲೆಯಾಡಿಸಿದಳು. ಇಬ್ಬರೂ ಹೇಮಾವತಿಯ ರಸ್ತೆಗೆ ಇಳಿದರು. ಅವನು ನಿಧಾನ, ಅವಳು ಅವನಿಗಿಂತ ನಿಧಾನ. ಊರು ದಾಟಿ ರಾಗಿ ಕಣವೊಂದರ ಪಕ್ಕ ಬಂದಾಗ ಅವಳು ಮೆಲ್ಲಗೆ ಅವನ ತೋಳು ಹಿಡಿದಳು.

"ಈಗ ಆಗ್ತಾ ಇದೆ."

"ಏನು?"

"ಭಯ. ಅಪ್ಪ ಬೇಡ ಅಂದುಬಿಟ್ರೆ...?"

ಮುತ್ತುರಾಜ ರಸ್ತೆ ಉದ್ದಕ್ಕೂ ನೋಡಿದ.

"ನನಗೂ ಆಗಾಕ ಹತ್ತೈತ್ರಿ" ಎಂದ. "ನಿನ್ನೆಯಿಂದ ಹೊಟ್ಟಿಯೊಳಗ ಏನೂ ಇಳಿದಿಲ್ಲ."

ಅವಳಿಗೆ ಅಳುವಿನ ನಡುವೆಯೂ ನಗು ಬಂತು. "ಹಾಗಾದ್ರೆ ಏನು ಮಾಡೋದು?"

ತೋಳಿನ ಮೇಲಿದ್ದ ಅವಳ ಕೈಯನ್ನು ಅವನು ತನ್ನ ಕೈಯೊಳಗೆ ತೆಗೆದುಕೊಂಡ.

"ಏನ್ ಮಾಡೋದ್ರಿ... ಬರ್ರಿ, ಇಬ್ರೂ ಹೆದರಿಕೊಂತ ಹೋಗೋಣು."