ಬೇಲಿ ಬುಡದ ತೋಟಾ

೧೯೮೬ರ ನವೆಂಬರ್ ೧೪, ಬೆಳಿಗ್ಗೆ ೭.೪೦. ಮೊಂಟಾನಾದ ಕಾಟನ್ ಕ್ರೀಕ್ ಷೆರಿಫ್ ಠಾಣೆಗೆ ಕ್ಲಿಫರ್ಡ್ ಬಾಯ್ಲ್ ಬಂದು ದೂರು ಬರೆಸಿದ. ತನ್ನ ಬಹುಮಾನ ಗೆದ್ದ ಕುದುರೆಯನ್ನು ಹಿಂದಿನ ಸಂಜೆ ಗುಂಡಿಟ್ಟು ಕೊಂದಿದ್ದಾರೆ. ಕೊಂದವನು ವೆಂಡೆಲ್ ಪ್ರೂಯಿಟ್. ಕಳೆದ ವಾರ ಕೆಲಸದಿಂದ ತೆಗೆದ ಆಳು, ಹೋಗುವಾಗ ಬೆದರಿಸಿದ್ದನಂತೆ. ಎಫ್‌ಐಆರ್ ಆಯಿತು. ಹತ್ತು ಗಂಟೆಗೆ ವೆಂಡೆಲ್ ಲಾಕಪ್ಪಿನಲ್ಲಿದ್ದ. ದಿನ ತುಂಬಿದ ಅವನ ಹೆಂಡತಿ ಠಾಣೆಯ ಬೆಂಚು ಬಿಟ್ಟು ಏಳಲಿಲ್ಲ.

೧೧.೧೫ಕ್ಕೆ ಡೆಪ್ಯುಟಿ ವರ್ನಾ ಕಿಟಲ್ಸನ್ ಸ್ಥಳದಲ್ಲಿ ಪಂಚನಾಮೆ ಮಾಡಿದಳು. ಒಂದೇ ಗುಂಡು, ಹಣೆಗೆ. ಮುಂಗಾಲು ಮುರಿದು, ಮಂಡಿಯವರೆಗೆ ಊದಿತ್ತು.

"ಬೀಳುವಾಗ ಮುರೀತು," ಎಂದ ಬಾಯ್ಲ್.

"ಸತ್ತ ಮೇಲೆ ಕಾಲು ಊದುತ್ತಾ?"

ವರ್ನಾ ಅದನ್ನೂ ಬರೆದುಕೊಂಡಳು.

ಹಾರಿದ ತೋಟಾದ ಹಿತ್ತಾಳೆ ಚಿಪ್ಪು ಎಲ್ಲೂ ಸಿಗಲಿಲ್ಲ. ಬೇಲಿ ಬುಡದ ಹಿಮದಲ್ಲಿ ಹಾರಿಸದ ತೋಟಾ ಒಂದು ಸಿಕ್ಕಿತು. ಹೆಕ್ಕಿದವನು ವರ್ನಾಳ ಸಹಾಯಕ ಡೇಲ್.

"ಒಳ್ಳೇ ತೋಟಾ ಬಿಸಾಕಿದಾನಲ್ಲ, ತಲೆ ಕೆಟ್ಟೋನು!"

"ತಲೆ ನೆಟ್ಟಗಿರೋನು ಕಣೋ. ಬೇಲಿ ದಾಟುವಾಗ ಗುಂಡು ಹಾರಬಾರ್ದು ಅಂತ ಮುಂಚೇನೇ ರೈಫಲ್ ಖಾಲಿ ಮಾಡಿದಾನೆ. ಇದು ಹಿಮದೊಳಗೆ ಇಳಿದುಹೋಗಿದೆ, ಅವನಿಗೆ ಸಿಕ್ಕಿಲ್ಲ. ಹಾರಿದ ಚಿಪ್ಪು ಬಿಟ್ಟು ಹೋಗಿಲ್ಲ ಅಂದ್ರೆ, ಮನೇಲೇ ಚಿಪ್ಪಿಗೆ ಮತ್ತೆ ಮದ್ದು ತುಂಬೋನು," ಎಂದಳು ವರ್ನಾ.

ಠಾಣೆಯಲ್ಲಿ ಮದ್ದು ತೆಗೆಸಿ, ಆ ತೋಟಾವನ್ನು ವೆಂಡೆಲ್‌ನ ರೈಫಲಿಗೆ ಹಾಕಿ ನೋಡಿದರು. ಅದೇ ಅಳತೆಯ ರೈಫಲ್, ಆದರೂ ತೋಟಾವನ್ನು ಒಳತಳ್ಳುವ ಬೋಲ್ಟ್ ಮುಚ್ಚಲಿಲ್ಲ. ಡೇಲ್ ಬಲ ಹಾಕಿದ.

"ಒತ್ಬೇಡ. ಈ ತೋಟಾ ಈ ರೈಫಲಿಂದಲ್ಲ," ಎಂದಳು ವರ್ನಾ.

ಹಾರಿದ ಚಿಪ್ಪು ತನ್ನ ರೈಫಲಿನ ಒಡಲಿಗೆ ತಕ್ಕಂತೆ ಉಬ್ಬುತ್ತದೆ. ಮತ್ತೆ ತುಂಬುವ ಮುನ್ನ ಅದನ್ನು ಪ್ರೆಸ್ಸಿಗೆ ತಿರುಪಿದ ಡೈ ಎಂಬ ಉಕ್ಕಿನ ಅಚ್ಚಿಗೆ ಒತ್ತಿ ಕುಗ್ಗಿಸಬೇಕು. ಹೆಚ್ಚಿನವರು ಡೈಯನ್ನು ತಳಕ್ಕೆ ತಾಗುವವರೆಗೆ ತಿರುಗಿಸಿ ಕೈ ತೊಳೆದುಕೊಳ್ಳುತ್ತಾರೆ. ಆ ತೋಟಾ ಯಾರ ರೈಫಲಿಗಾದರೂ ಹೋಗುತ್ತದೆ, ಚಿಪ್ಪು ಮಾತ್ರ ನಾಲ್ಕೈದು ಸಲಕ್ಕೆ ಸೀಳುತ್ತದೆ. ಇವನು ಹಾಗೆ ಮಾಡಿರಲಿಲ್ಲ. ಡೈ ತಾಗಿದ ಗುರುತು ಕಾಣಲೆಂದು ಚಿಪ್ಪಿನ ಹೆಗಲಿಗೆ ಮೇಣದಬತ್ತಿಯ ಮಸಿ ಹಿಡಿಸಿ, ಡೈಯನ್ನು ಕೂದಲೆಳೆಯಷ್ಟೇ ಇಳಿಸುತ್ತಾ, ಪ್ರತಿ ಸಲ ತನ್ನ ರೈಫಲಿನಲ್ಲಿಟ್ಟು ನೋಡಿ, ಬೋಲ್ಟ್ ಮುಚ್ಚಿದ ಕ್ಷಣಕ್ಕೆ ನಿಲ್ಲಿಸಿದ್ದ. ಅಂಥ ತಾಳ್ಮೆಗೆ ಕೈ ಮುಗಿಯಬೇಕು. ಆ ಕಣಿವೆಯಲ್ಲಿ ಅದು ಇದ್ದದ್ದು ಇಬ್ಬರಿಗೆ: ಬಾಯ್ಲ್‌ನ ಪಕ್ಕದ ಜಮೀನಿನ ಅರ್ವಿಡ್ ಸೆಲ್ಲಂಡ್, ಮತ್ತು ಅವನಿಂದ ಕಲಿತ ವರ್ನಾ.

೩.೩೦ಕ್ಕೆ ಅರ್ವಿಡ್ ತನ್ನ ಮನೆಯಲ್ಲಿ ಕಾಫಿ ಬಗ್ಗಿಸುತ್ತಿದ್ದ. ವರ್ನಾ ಖಾಲಿ ಮಾಡಿದ ತೋಟಾವನ್ನು ಮೇಜಿನ ಮೇಲಿಟ್ಟಳು.

"ನಿಮ್ಮ ರೈಫಲ್ ಕೊಡಿ."

"ಗುರುವಿಗೇ ತಿರುಮಂತ್ರಾನಾ ಮಗಳೇ?" ಎಂದು ನಕ್ಕು ಕೊಟ್ಟ.

ಬೋಲ್ಟ್ ಕೊನೆಯಲ್ಲಿ ತುಸು ಬಿಗಿಯಾಯಿತು, ಮರುಕ್ಷಣ ಕೂತಿತು. ಸಂಕಟದ ನಡುವೆಯೂ ವರ್ನಾಳಿಗೆ ಹೆಮ್ಮೆಯಾಯಿತು.

"ಈ ಚಿಪ್ಪು ಎಷ್ಟನೇ ಸಲ ತುಂಬಿದ್ದು?"

"ಹದಿನಾಲ್ಕು. ಒಂದು ಸೀಳು ಬಿಟ್ಟಿದ್ರೆ ತೋರ್ಸು!"

"ಕುದುರೆಗೆ ಯಾಕೆ ಹೊಡೆದ್ರಿ?"

"ಕಾಲು ಮುರ್ಕೊಂಡು ಬೇಲಿ ಹತ್ರ ಬಿದ್ದಿತ್ತು. ವಿಮೆಯೋನು ಬಂದು ನೋಡ್ಲಿ ಅಂತ ಬಾಯ್ಲ್ ಹಾಗೇ ಬಿಟ್ಟಿದ್ದ. ನಾನೇ ಎರಡು ಸಲ ಹೋಗಿ ಬೇಡ್ಕೊಂಡೆ."

"ಠಾಣೆಗೆ ಹೇಳ್ಬಾರ್ದಿತ್ತಾ? ವೆಂಡೆಲ್ ಒಳಗಿದಾನೆ."

ಅರ್ವಿಡ್ ಲೋಟ ಕೆಳಗಿಟ್ಟ. "ವೆಂಡೆಲ್ಲಾ? ಅಯ್ಯೋ, ಅವನ ಹೆಂಡ್ತಿ..." ಎದ್ದು ಟೋಪಿ ತೆಗೆದುಕೊಂಡ. "ನಡಿ ನಡಿ. ಕಾಫಿ ಹಾಳಾಗ್ಲಿ."

೪.೧೦ಕ್ಕೆ ದಸ್ತಗಿರಿ. ಜಪ್ತಿಗೆಂದು ಡೇಲ್ ಡೈ ಬಿಚ್ಚಲು ಕೈಹಾಕಿದ.

"ಬೇಡಪ್ಪಾ! ಅದನ್ನ ಆ ಜಾಗಕ್ಕೆ ತರೋಕೆ ಮೂರು ದಿನ ಹಿಡೀತು."

ಡೈ ಅಲುಗದಂತೆ ವರ್ನಾ ಅದರ ಬಿಗಿಯುಂಗುರದ ತಿರುಪು ಬಿಗಿದು, ಪ್ರೆಸ್ಸನ್ನು ಹಲಗೆಸಮೇತ ಹೊರಿಸಿದಳು. ದಾರಿಯುದ್ದಕ್ಕೂ ಡೇಲ್ ಗೊಣಗಿದ.

೫.೦೫ಕ್ಕೆ ವೆಂಡೆಲ್‌ನ ಬಿಡುಗಡೆ. ಬೆಂಚಿನಿಂದ ಹೆಂಡತಿಯನ್ನು ಎಬ್ಬಿಸಿದವನು, ಒಳಬರುತ್ತಿದ್ದ ಅರ್ವಿಡ್‌ಗೆ ದಾರಿ ಬಿಟ್ಟು ಟೋಪಿ ತೆಗೆದ. ಆರೋಪಿಯ ಹೇಳಿಕೆಯಲ್ಲಿ ಕಾರಣದ ಜಾಗಕ್ಕೆ ವರ್ನಾ ಅರ್ವಿಡ್ ಹೇಳಿದ್ದನ್ನೇ ಬರೆದಳು: "ಎರಡು ದಿನ ಕಾದೆ. ಯಾರೂ ಬರಲಿಲ್ಲ."