ಎಡತುದಿಯಲ್ಲಿ ಮುನಿಯುವ ಮೇಜು

"ನಿಮ್ಮ ವಯಸ್ಸಿಗೆ ಯಾಕೆ ಮೇಸ್ತ್ರಿಗಳೇ ಈ ತಲೆನೋವು? ಹೊಸ ಮೆಷಿನ್ ಜೊತೆ ಕಂಪನಿಯೋರೇ ಇಬ್ಬರನ್ನ ಕಳಿಸ್ತಾರೆ. ಹಳೇದು ಶುಕ್ರವಾರ ಹೋಗುತ್ತೆ. ನೀವೂ ಆರಾಮಾಗಿ ಮನೇಲಿರಿ."

ವರ್ಕ್‌ಶಾಪಿನ ಯಜಮಾನರು ನಗುನಗುತ್ತಲೇ ಹೇಳಿದರು. ಮೇಸ್ತ್ರಿಯೂ ನಕ್ಕ. ಆಮೇಲೆ ಕೈತೊಳೆಯುವ ನಲ್ಲಿಯ ಮುಂದೆ ಬಹಳ ಹೊತ್ತು ನಿಂತ.

ಹದಿನಾಲ್ಕು ವರ್ಷದ ಹಿಂದೆ, ಯಾರೋ ಬಳಸಿ ಬಿಟ್ಟ, ಕಂಪ್ಯೂಟರಿನ ಅಪ್ಪಣೆಯಂತೆ ಲೋಹ ಕೊರೆಯುವ ಆ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್ ಬಂದಾಗ ಅದರ ಹೊಟ್ಟೆಯಲ್ಲಿ ಇಲಿ ಗೂಡು ಕಟ್ಟಿತ್ತು. ಅದಕ್ಕೆ ಜೀವ ಕೊಟ್ಟವನು ಅವನು. ಈಗ ಅವನಿಗೆ ಐವತ್ತೆರಡು. ಮೂರು ವರ್ಕ್‌ಶಾಪುಗಳಲ್ಲಿ ವಿಚಾರಿಸಿ ನೋಡಿದ್ದ. ಮೂರೂ ಕಡೆ ಕೆಲಸಕ್ಕಿಂತ ಮೊದಲು ವಯಸ್ಸು ಕೇಳಿದ್ದರು. ಹೆಂಡತಿಗೆ ಇನ್ನೂ ಹೇಳಿರಲಿಲ್ಲ. ಮೆಷಿನ್ ಉಳಿದರೆ ತಾನೂ ಉಳಿದೆ ಎಂಬುದಷ್ಟೇ ಅವನಿಗೆ ಗೊತ್ತಿತ್ತು.

ಆದ್ದರಿಂದ ಅದು ಕೆಡಬಾರದು, ಶುಕ್ರವಾರ ಕೊಳ್ಳಲು ಬರುವವನಿಗೆ ಕೆಟ್ಟಂತೆ ಕಾಣಬೇಕು.

ಬುಧವಾರ ಎಲ್ಲರೂ ಊಟಕ್ಕೆ ಹೋದಾಗ, ಲೋಹದ ತುಂಡು ಹೊತ್ತು ಎಡಬಲಕ್ಕೆ ಓಡುವ ಮೆಷಿನ್ನಿನ ಮೇಜಿನ ಹಿಂದಿನ ತಂತಿಗಳ ಮುಚ್ಚಳ ತೆಗೆದ. ಮೇಜು ಎಲ್ಲಿದೆ ಎಂದು, ಅದರ ಮೋಟಾರನ್ನು ಓಡಿಸುವ ಡ್ರೈವ್ ಪೆಟ್ಟಿಗೆಗೆ ತಿಳಿಸುವ ಕೇಬಲ್ಲು ಅಲ್ಲಿತ್ತು. ಅದರೊಳಗಿನ ಒಂದೇ ಒಂದು ಎಳೆಯನ್ನು ಬ್ಲೇಡಿನಿಂದ ಕತ್ತರಿಸಿ, ತುದಿಗಳು ಒಂದಕ್ಕೊಂದು ತಾಗಿಕೊಂಡೇ ಇರುವಂತೆ ಟೇಪು ಸುತ್ತಿದ. ಮೇಜು ನಡುವಿನಲ್ಲಿದ್ದರೆ ಯಾವ ತಕರಾರೂ ಇಲ್ಲ. ಎಡತುದಿಗೆ ಓಡಿದರೆ ಕೇಬಲ್ಲು ಎಳೆದುಕೊಂಡು ತುದಿಗಳು ಬಿಡುತ್ತವೆ, ಕೆಂಪು ದೀಪ ಹತ್ತುತ್ತದೆ, ಮೆಷಿನ್ ನಿಲ್ಲುತ್ತದೆ. ಬರುವ ಮೆಕ್ಯಾನಿಕ್ ಮೊದಲು ಡ್ರೈವ್ ಅನುಮಾನಿಸುತ್ತಾನೆ, ಕೊನೆಗೆ ಮೋಟಾರಿಗೆ ಬರುತ್ತಾನೆ. ಆ ಮೋಟಾರನ್ನು ಮಾಡುವವರೇ ಈಗ ಇಲ್ಲ.

ಶುಕ್ರವಾರ ಬೆಳಿಗ್ಗೆ ಕೊಳ್ಳುವವನ ಜೊತೆ ಬಂದ ಮೆಕ್ಯಾನಿಕ್ ಕಿವಿಗೆ ಟೆಸ್ಟರ್ ಸಿಕ್ಕಿಸಿಕೊಂಡಿದ್ದ. ಮೂರನೇ ಸಲ ದೀಪ ಹತ್ತಿದಾಗ ಕೇಳಿದ:

"ಏನಣ್ಣ, ನಿಮ್ಮ ಮೇಜು ಎಡಗಡೆಗೆ ಹೋದ್ರೆ ಮುನಿಸ್ಕೊಳ್ಳುತ್ತಲ್ಲ?"

"ವಯಸ್ಸಾಯ್ತಲ್ಲಪ್ಪ, ಅದಕ್ಕೂ ನನಗೂ."

ಮೆಕ್ಯಾನಿಕ್ ಮೆಷಿನ್ನಿನ ಹಿಂದೆ ಡ್ರೈವ್‌ಗಳಿರುವ ಪ್ಯಾನೆಲ್ ತೆರೆದು, ಮೇಜಿನ ಮೋಟಾರಿನ ಪ್ಲಗ್‌ಗಳನ್ನು ಪಕ್ಕದ ಡ್ರೈವ್‌ಗೂ ಅಲ್ಲಿದ್ದವನ್ನು ಇಲ್ಲಿಗೂ ಹಾಕಿದ. ಕೆಂಪು ದೀಪವೂ ಪಕ್ಕದ ಡ್ರೈವ್‌ಗೆ ಜಿಗಿಯಿತು. "ಡ್ರೈವ್‌ಗಳು ಸರಿ ಇವೆ, ಇನ್ನು ಕೇಬಲ್ಲೋ ಮೋಟಾರೋ ನೋಡ್ಬೇಕು" ಎಂದ. ಮೇಸ್ತ್ರಿಗೆ ಒಳಗೊಳಗೇ ಹಿಗ್ಗು. ಪಾಠ ಒಪ್ಪಿಸುವ ಮಗುವಿನಂತೆ ಹೇಳಿಕೊಟ್ಟ ದಾರಿಯಲ್ಲೇ ನಡೆಯುತ್ತಿದ್ದಾನೆ!

"ಕೇಬಲ್ ಅಳೀಬೇಕಾ? ಮೇಜು ನಡುವಿಗೆ ತಂದ್ಕೊ, ಕೈಯಾಡಿಸೋಕೆ ಜಾಗ ಸಿಗುತ್ತೆ" ಎಂದ ಮೇಸ್ತ್ರಿ, ಉಪಕಾರ ಮಾಡುವವನಂತೆ.

ನಡುವಿನಲ್ಲಿ ಕೇಬಲ್ಲು ನಿರ್ದೋಷಿ. ಉಳಿದದ್ದು ಮೋಟಾರು.

"ಇಂಥದ್ದು ಗುಜರೀಲೂ ಸಿಗಲ್ಲ ಸಾರ್" ಎಂದ ಮೆಕ್ಯಾನಿಕ್. ಕೊಳ್ಳುವವನು ಕಾರು ಹತ್ತಿ ಹಾರ್ನ್ ಒತ್ತತೊಡಗಿದ. ಮೆಕ್ಯಾನಿಕ್ ಮೊಣಕಾಲಿನಿಂದಲೇ ಪ್ಯಾನೆಲ್ ಬಾಗಿಲು ದೂಡಿ, ಚೀಲ ಬಾಚಿಕೊಂಡು ಓಡಿದ.

ಯಜಮಾನರು ಸ್ಟೂಲಿನ ಮೇಲೆ ಕುಸಿದರು. "ಇನ್ನು ಇದನ್ನ ಯಾರ್ರೀ ಮೂಸಿ ನೋಡ್ತಾರೆ? ನಾಳೇನೇ ಗುಜರಿಗೆ ಹಾಕ್ತೀನಿ."

ಗುಜರಿಯ ಲೆಕ್ಕ ಮೇಸ್ತ್ರಿಯ ತಲೆಯಲ್ಲಿ ಇರಲೇ ಇಲ್ಲ. "ಮಧ್ಯಾಹ್ನದವರೆಗೆ ಬಿಡಿ ಸಾರ್, ನಾನೊಂದು ಸಲ ನೋಡ್ತೀನಿ."

"ಓಡಿಸಿ ತೋರ್ಸಿ. ಓಡಿದ್ರೆ ಮಾರೋ ಗೋಜಿಗೇ ಹೋಗಲ್ಲ. ಹೊಸದರ ಪಕ್ಕ ಇದೂ ಇರ್ಲಿ, ನೀವೂ ಇರಿ."

ಹತ್ತು ನಿಮಿಷದಲ್ಲಿ ಎಳೆಗೆ ಬೆಸುಗೆ ಬಿತ್ತು. ಮಿಕ್ಕ ಎರಡು ಗಂಟೆ ಮೆಷಿನ್ನಿನ ಅಡಿ ನುಸುಳಿ ನಿಟ್ಟುಸಿರು ಬಿಟ್ಟ, ಬೇಕಂತಲೇ ಮುಖಕ್ಕೆ ಗ್ರೀಸು ಬಳಿದುಕೊಂಡ. ಆಮೇಲೆ, ಕೆಡಿಸಿದವನೂ ಸರಿಮಾಡಿದವನೂ ತಾನೇ ಎಂಬ ಧೈರ್ಯದಲ್ಲಿ ಒಮ್ಮೆಯೂ ಓಡಿಸಿ ನೋಡದೆ ಯಜಮಾನರನ್ನು ಕರೆದ. ಈ ಸಂಜೆ ಹೆಂಡತಿಗೆ ಹೇಳಬೇಕಾದದ್ದು ಏನೂ ಉಳಿಯುವುದಿಲ್ಲ.

"ಒಂದೇ ಏಟಿಗೆ ಎಡತುದಿ. ಪೂರ್ತಿ ವೇಗದಲ್ಲಿ. ನೋಡ್ತಾ ಇರಿ."

ಕಣ್ಣಿಗಿಂತ ಅಂಗೈಯನ್ನು ನಂಬುವವನು ಅವನು. ಮೇಜಿನ ನಡುಕ ಅಳೆಯಲು ಎಡಗೈಯನ್ನು ಅದರ ಮೇಲೆ ಹರವಿಟ್ಟ. ಮೇಜು ಪಕ್ಕಕ್ಕೆ ಸರಿಯುವಾಗ ಕೈಯೂ ಜೊತೆಗೇ ಸರಿಯುತ್ತದೆ. ಒಂದು ಗೇಣು ಮೇಲೆ ನಿಂತ, ಲೋಹ ಕೊರೆಯುವ ಸ್ಪಿಂಡಲ್ ತಲೆಗೂ ಕೈಗೂ ಸಂಬಂಧವೇ ಇಲ್ಲ. ಬಲಗೈ ಹೆಬ್ಬೆರಳು ಬಟನ್ ಒತ್ತಿತು.

ಮೇಜು ಕದಲಲಿಲ್ಲ. ಹಾರ್ನಿನ ಸದ್ದಿಗೆ ಓಡಿಹೋದವನು ಅದಲುಬದಲು ಮಾಡಿದ ಪ್ಲಗ್‌ಗಳನ್ನು ತಿರುಗಿ ಅವುಗಳ ಜಾಗಕ್ಕೆ ಹಾಕಿರಲಿಲ್ಲ. ಎರಡು ಗಂಟೆ ಇಡೀ ಮೆಷಿನ್ ತಡಕಾಡುವ ನಾಟಕವಾಡಿದ ಮೇಸ್ತ್ರಿ, ತಾನು ಏನೂ ಕೆಡಿಸಿರದ ಆ ಪ್ಯಾನೆಲ್ಲನ್ನು ಮಾತ್ರ ತೆರೆದು ನೋಡಿರಲಿಲ್ಲ. ಮೇಜಿಗೆ ಕೊಟ್ಟ ಅಪ್ಪಣೆ, ಸ್ಪಿಂಡಲ್ ತಲೆಯನ್ನು ಏರಿಳಿಸುವ ಪಕ್ಕದ ಮೋಟಾರಿಗೆ ತಲುಪಿತು. ಮೇಲಿನ ತಲೆ, ಪೂರ್ತಿ ವೇಗದಲ್ಲಿ, ಅವನ ಅಂಗೈಯ ಮೇಲೆ ಇಳಿಯಿತು.